ಕೊಯಿಂಬ್ರಾದಲ್ಲೊಂದು ಪುಂಜಾಲಕಟ್ಟೆ

ಪಾಣೆಮಂಗಳೂರು

ನಾನು ಜಾಲಗಳ ಗಣಿತ ಕಲಿತವಳು ಎಂದು ಪಾಣೆಮಂಗಳೂರಿನಲ್ಲಿ ಹೇಳಿದರೆ ಜನ ಕೂಡಲೇ ತಮ್ಮ ಮೊಬೈಲನ್ನು ನನ್ನ ಕೈಗೆ ಕೊಡುತ್ತಾರೆ. ನರಿಕೊಂಬಿನ ನನ್ನ ಚಿಕ್ಕಮ್ಮನ ಮನೆಯಲ್ಲಿ ಸಿಗ್ನಲ್ ಬೇಕಾದರೆ ಅಂಗಳದ ಮೂಲೆಗೆ ಹೋಗಿ ಕಲ್ಲಿನ ಮೇಲೆ ಹತ್ತಿ ನಿಲ್ಲಬೇಕು. ನೆಟ್‌ವರ್ಕಿನಲ್ಲಿ ಡಾಕ್ಟರೇಟು ಮಾಡಿದ ಹುಡುಗಿ ಸಂಸಾರದಲ್ಲೇ ಇದ್ದೂ ಇದೊಂದು ಸರಿಯಾಗಲಿಲ್ಲವಲ್ಲ ಎಂಬ ಬೇಸರ ಅವರಿಗೆ ಇವತ್ತಿಗೂ ಇದೆ. ಚುಕ್ಕಿ ಇಟ್ಟು ಗೆರೆ ಎಳೆದು ತೋರಿಸಿದ್ದೇನೆ. ಚುಕ್ಕಿಯೆಂದರೆ ಊರು, ಗೆರೆಯೆಂದರೆ ರಸ್ತೆ. ಬೇಕಾದರೆ ಚುಕ್ಕಿಯನ್ನು ಮನುಷ್ಯನೆಂದೂ ಗೆರೆಯನ್ನು ಸ್ನೇಹವೆಂದೂ ತಿಳಿಯಬಹುದು. ಇವುಗಳ ಲೆಕ್ಕಾಚಾರವೇ ನನ್ನ ವಿದ್ಯೆ ಎಂದಿದ್ದೇನೆ. ಚಿಕ್ಕಮ್ಮ ತಾಳ್ಮೆಯಿಂದ ಕೇಳಿ, ಹಾಗಾದರೆ ಟವರಿನ ವಿಷಯ ಯಾರ ಹತ್ತಿರ ಹೇಳಬೇಕು ಎಂದು ವಿಚಾರಿಸಿದ್ದರು.

ನಾನು ಕಲಿಸುವುದು ಮೂಡುಬಿದಿರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ. ಸಂಶೋಧನೆ ನಡೆಸುವುದು ಬಸ್ಸಿನಲ್ಲಿ. ಬಿ.ಸಿ. ರೋಡಿನಿಂದ ಸಿದ್ಧಕಟ್ಟೆಯ ಮೇಲೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ ನಾನು ಗಣಿತಜ್ಞೆ; ಸಿಗದ ದಿನ ಕಂಬಿ ಹಿಡಿದು ನಿಂತ ಬರೀ ಸಫಿಯಾ ಮೇಡಂ. ಹೀಗೆ ಸೀಟು ಸಿಕ್ಕಿದ ದಿನಗಳನ್ನೆಲ್ಲ ಸೇರಿಸಿ ನಾನೊಂದು ಪ್ರಮೇಯ ಸಾಧಿಸಿದ್ದೆ. ಅದನ್ನು ನಮ್ಮ ಮಳೆಗಾಲದ ಭಾಷೆಯಲ್ಲಿ ಹೇಳುವುದಾದರೆ ಹೀಗೆ: ರಸ್ತೆಗಳ ಜಾಲ ಸಾಕಷ್ಟು ದಟ್ಟವಾಗಿದ್ದರೆ, ಯಾವ ರಸ್ತೆ ಕುಸಿದರೂ ಬಳಸಲಿಕ್ಕೆ ಒಂದು ಸುತ್ತುದಾರಿಯನ್ನು ಮೊದಲೇ ಕಾದಿರಿಸಿ ಇಡಬಹುದು, ಒಂದು ರಸ್ತೆಯ ಸುತ್ತುದಾರಿ ಇನ್ನೊಂದರ ಸುತ್ತುದಾರಿಗೆ ಅಡ್ಡ ಬರುವುದಿಲ್ಲ, ಅಂದರೆ ಎರಡೂ ನಡುವೆ ಒಂದೇ ಊರಿನ ಮೇಲೆ ಹಾಯಬೇಕಾಗಿಲ್ಲ. ಕಂಪ್ಯೂಟರ್ ಜಾಲಗಳಿಗೂ ವಿದ್ಯುತ್ ತಂತಿಗಳಿಗೂ ಇದು ಉಪಯೋಗಕ್ಕೆ ಬರುತ್ತದೆ ಎಂದು ನಾನು ಬರೆದಿದ್ದೆ. ಪೋರ್ಚುಗಲ್ಲಿನ ಕೊಯಿಂಬ್ರಾ ಎಂಬ ಊರಿನಲ್ಲಿ ನಡೆಯುವ ಸಮ್ಮೇಳನಕ್ಕೆ ಬಂದು ಇದನ್ನು ಮಂಡಿಸಿ ಎಂದು ಅವರು ಕರೆದರು.

ಸುದ್ದಿ ಕೇಳಿದ ನಮ್ಮ ಪ್ರಾಂಶುಪಾಲರು ಕಾಲೇಜಿನ ಗೇಟಿಗೆ ಒಂದು ಫ್ಲೆಕ್ಸ್ ಹಾಕಿಸಿದರು. ಪಾಸ್‌ಪೋರ್ಟಿಗೆ ತೆಗೆಸಿದ ಫೋಟೋವನ್ನು ಅಷ್ಟು ದೊಡ್ಡದು ಮಾಡಬಾರದು ಎಂಬುದು ನನಗೆ ಆಗ ತಿಳಿಯಿತು. ಅದರಲ್ಲಿ ನಾನು ತಪ್ಪಿಸಿಕೊಂಡು ಹೋದವಳ ಹಾಗೆ ಕಾಣುತ್ತಿದ್ದೆ. ಕೆಳಗೆ ‘ವಿದೇಶದಲ್ಲಿ ಪ್ರಮೇಯ ಮಂಡನೆ’ ಎಂದು ಹಳದಿ ಅಕ್ಷರಗಳಲ್ಲಿತ್ತು. ಅದರ ಜತೆಗೆ ಅವರು ನನ್ನನ್ನು ಕೋಣೆಗೆ ಕರೆದು, ಬಂದ ಮೇಲೆ ಉಪಪ್ರಾಂಶುಪಾಲರ ಕುರ್ಚಿ ವಹಿಸಿಕೊಳ್ಳಬೇಕೆಂದರು. ನಾನು ಒಪ್ಪಿದ ಹಾಗೆ ತಲೆಯಾಡಿಸಿದೆ. ಐವತ್ತು ದಾಟಿತ್ತು, ಮಂಡಿ ನೋಯುತ್ತಿತ್ತು, ಒಂದು ಪ್ರಮೇಯವೂ ಆಗಿತ್ತು. ಇನ್ನು ವೇಳಾಪಟ್ಟಿ ಹಾಕುತ್ತ, ಹಾಜರಾತಿ ಕಡಿಮೆಯಾದವರನ್ನು ಗದರುತ್ತ ನಿವೃತ್ತಿಯವರೆಗೆ ಕಾಲ ಹಾಕಬಹುದು ಎಂದುಕೊಂಡೆ. ಈ ಪ್ರಯಾಣ ನನ್ನ ಗಣಿತಕ್ಕೆ ಬೀಳ್ಕೊಡುಗೆ.

ನನ್ನ ಗಂಡ ಹನೀಫ್ ಪಾಣೆಮಂಗಳೂರಿನಲ್ಲಿ ಕೊಡೆ, ಬ್ಯಾಗುಗಳ ಅಂಗಡಿ ಇಟ್ಟಿದ್ದಾರೆ. ಅಂಗಡಿಯ ಅತಿ ಗಟ್ಟಿ ಸೂಟ್‌ಕೇಸನ್ನು ಆರಿಸಿ ತಂದುಕೊಟ್ಟರು. ಗಟ್ಟಿ ಎಂದರೆ ಭಾರವೂ ಹೌದು ಎಂಬುದನ್ನು ನಾವಿಬ್ಬರೂ ಯೋಚಿಸಲಿಲ್ಲ.

ಲಿಸ್ಬನ್

ವಿಮಾನ ನಿಲ್ದಾಣದ ಗಾಜಿನ ಹಿಂದೆ ಕುಳಿತಿದ್ದ ಅಧಿಕಾರಿ ಏನು ಕೆಲಸ ಎಂದು ಕೇಳಿದ. ಜಾಲಗಳನ್ನು ಅಭ್ಯಾಸ ಮಾಡುತ್ತೇನೆ ಎಂದೆ. ಇಂಟರ್ನೆಟ್ಟೋ ಎಂದ. ಅಲ್ಲ, ಅದೂ ಸೇರಿದ ಹಾಗೆ ಎಲ್ಲವೂ ಎಂದೆ. ಮೀನಿನ ಬಲೆಯೋ ಎಂದು ಕೇಳಿದನೋ ಏನೋ, ನನಗೆ ಸರಿಯಾಗಿ ಕೇಳಿಸಲಿಲ್ಲ, ತಲೆಯಾಡಿಸಿಬಿಟ್ಟೆ. ಅವನ ಹುಬ್ಬು ಮೇಲೆ ಹೋಯಿತು. ಗಾಬರಿಯಾಗಿ ಚುಕ್ಕಿ ಮತ್ತು ಗೆರೆಯಿಂದ ಶುರುಮಾಡಿದೆ. ತರಗತಿಯಲ್ಲಿ ಮುಂದಿನ ಬೆಂಚಿನವರು ಇಷ್ಟು ಗಮನವಿಟ್ಟು ಕೇಳಿದ್ದನ್ನು ನಾನು ಕಂಡಿಲ್ಲ. ಸುತ್ತುದಾರಿಯ ವರೆಗೆ ಬರುವಷ್ಟರಲ್ಲಿ ಅವನು ಮುದ್ರೆ ಒತ್ತಿ ಪಾಸ್‌ಪೋರ್ಟನ್ನು ನನ್ನ ಕಡೆಗೆ ತಳ್ಳಿದ. ನನ್ನ ಹಿಂದಿನ ಸಾಲಿನವರು ಅವನಿಗೆ ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳಿರಬೇಕು.

ಕೊಯಿಂಬ್ರಾ

ಬಂಟ್ವಾಳಕ್ಕೆಂದು ಟಿಕೆಟು ಮಾಡಿಸಿದವರನ್ನು ರೈಲು ಬಿ.ಸಿ. ರೋಡಿನಲ್ಲಿ ಇಳಿಸಿ ಹೋಗುತ್ತದೆ. ಬಂಟ್ವಾಳ ಪೇಟೆ ಅಲ್ಲಿಂದ ಆಚೆಗೆ. ಇದನ್ನು ಹೊರಗಿನವರು ಮೋಸ ಎಂದುಕೊಳ್ಳುತ್ತಾರೆ. ಕೊಯಿಂಬ್ರಾದಲ್ಲಿ ನಾನೂ ಹಾಗೆಯೇ ಅಂದುಕೊಂಡೆ. ದೊಡ್ಡ ರೈಲು ನನ್ನನ್ನು ಊರ ಹೊರಗೆ ಇಳಿಸಿ ಉತ್ತರಕ್ಕೆ ಹೋಯಿತು. ಊರು ದೂರದ ಗುಡ್ಡದ ಮೇಲೆ ಕೆಂಪು ಹೆಂಚು ಹೊದ್ದುಕೊಂಡು ಕುಳಿತಿತ್ತು, ಕೆಳಗೆ ಹೊಳೆ. ಹೊಳೆ ನೋಡಿ ಧೈರ್ಯ ಬಂತು. ನೇತ್ರಾವತಿಯ ದಡದವರಿಗೆ ಯಾವ ಊರಿನಲ್ಲಾದರೂ ನೀರು ಕಂಡರೆ ಪರಿಚಯದವರು ಸಿಕ್ಕಿದ ಹಾಗಾಗುತ್ತದೆ.

ಧೈರ್ಯ ಗುಡ್ಡದ ಬುಡದವರೆಗೆ ಮಾತ್ರ ಇತ್ತು. ಆ ಊರಿನ ಓಣಿಗಳು ರಸ್ತೆಗಳಲ್ಲ, ಮೆಟ್ಟಿಲುಗಳು. ಹನೀಫರ ಗಟ್ಟಿ ಸೂಟ್‌ಕೇಸನ್ನು ಒಂದೊಂದೇ ಮೆಟ್ಟಿಲು ಏರಿಸುತ್ತ, ಪ್ರತಿ ತಿರುವಿನಲ್ಲಿಯೂ ಅದರ ಮೇಲೆಯೇ ಕುಳಿತು ಸುಧಾರಿಸಿಕೊಳ್ಳುತ್ತ, ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿಯನ್ನು ಮಕ್ಕಳಿಗೆ ಕಲಿಸುವಾಗ ಗುಡ್ಡದ ವಿಷಯ ಹೇಳದೇ ಬಿಟ್ಟಿದ್ದು ತಪ್ಪಾಯಿತು ಎಂದುಕೊಂಡೆ.

ನಾನು ಉಳಿದದ್ದು ಒಬ್ಬರ ಮನೆಯಲ್ಲಿ. ಮನೆಯೊಡತಿ ದೋನಾ ಗ್ರಾಸಾ, ಎಪ್ಪತ್ತರ ಆಸುಪಾಸಿನ, ಗುಂಡಗಿನ, ಜೋರು ದನಿಯ ಹೆಂಗಸು. ಗಂಡ ತೀರಿಹೋದ ಮೇಲೆ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದರು. ಅವರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ನನಗೆ ಪೋರ್ಚುಗೀಸು ಬಾರದು. ಬಚ್ಚಲಲ್ಲಿ ಶವರಿನ ನೀರು ಒಮ್ಮೆ ಐಸಿನಂತೆ, ಒಮ್ಮೆ ಕುದಿಯುವಂತೆ ಬರುತ್ತಿತ್ತು. ಇದಕ್ಕಿಂತ ಒಂದು ಬಾಲ್ದಿ ಇದ್ದಿದ್ದರೆ ಸಾಕಿತ್ತು ಎಂದು ನನ್ನಷ್ಟಕ್ಕೆ ಗೊಣಗಿದೆ. ಬಾಗಿಲ ಹೊರಗಿದ್ದ ದೋನಾ ಗ್ರಾಸಾ ನೇರ ಹೋಗಿ ನೀಲಿ ಬಾಲ್ದಿಯೊಂದನ್ನು ತಂದು ಇಟ್ಟರು. ಅವರ ಭಾಷೆಯಲ್ಲಿಯೂ ಅದು ಹೆಚ್ಚುಕಡಿಮೆ ಬಾಲ್ದಿಯೇ. ಆಮೇಲೆ ನಾವಿಬ್ಬರೂ ಮನೆಯೆಲ್ಲ ಸುತ್ತಿ ಒಂದೊಂದನ್ನೇ ಮುಟ್ಟಿ ಹೆಸರು ಹೇಳಿದೆವು. ನಾವು ಕಿಟಕಿಗೆ ಹೇಳುವ ಜನೇಲು ಹೊಂದಿಕೆಯಾಯಿತು, ಚಾವಿ ಹೊಂದಿಕೆಯಾಯಿತು, ಆಲೂಗಡ್ಡೆಗೆ ಹೇಳುವ ಬಟಾಟೆ ಹೊಂದಿಕೆಯಾಯಿತು. ಹಿಂದೆ ಎಂದೋ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದವರು ಬಿಟ್ಟು ಹೋದ ಶಬ್ದಗಳು. ಇಷ್ಟು ಶಬ್ದಗಳಲ್ಲಿ ಒಂದು ಸಂಸಾರ ನಡೆಸಬಹುದು.

ಮರುದಿನ ಬೆಳಿಗ್ಗೆ ಸಮ್ಮೇಳನದ ಸಭಾಂಗಣ ಹುಡುಕುವಾಗ ಕಪ್ಪು ನಿಲುವಂಗಿ ತೊಟ್ಟ ಗುಂಪೊಂದು ಗಂಭೀರವಾಗಿ ನಡೆದು ಹೋಗುತ್ತಿತ್ತು. ಇವರು ಹಿರಿಯ ಪ್ರಾಧ್ಯಾಪಕರೇ ಇರಬೇಕೆಂದು, ಗೌರವಕ್ಕೆ ನಾಲ್ಕು ಹೆಜ್ಜೆ ಹಿಂದೆ ಉಳಿದು ಹಿಂಬಾಲಿಸಿದೆ. ಅವರು ನನ್ನನ್ನು ಒಂದು ಕ್ಯಾಂಟೀನಿಗೆ ಕರೆದೊಯ್ದರು. ಅಲ್ಲಿ ಬೆಂಚಿನ ಮೇಲೆ ಹತ್ತಿ ಗಿಟಾರು ಬಾರಿಸಲು ಶುರು ಮಾಡಿದಾಗಲೇ ಅವರು ವಿದ್ಯಾರ್ಥಿಗಳು, ಅಲ್ಲಿನ ಉಡುಗೆಯೇ ಹಾಗೆ ಎಂದು ಗೊತ್ತಾದದ್ದು. ನಮ್ಮ ಕಾಲೇಜಿನಲ್ಲಿ ಯೂನಿಫಾರ್ಮಿನ ಅಂಗಿಯನ್ನು ಪ್ಯಾಂಟಿನೊಳಗೆ ತೂರಿಸಿ ಎಂದು ಹೇಳಿ ಹೇಳಿ ನನ್ನ ಗಂಟಲು ಹೋಗಿದೆ. ಇಲ್ಲಿ ಆ ಸೆಖೆಯಲ್ಲಿ ಕಂಬಳಿಯಂಥದ್ದನ್ನು ಖುಷಿಯಿಂದ ಹೊದ್ದುಕೊಂಡಿದ್ದಾರೆ.

ಸಭಾಂಗಣ ಸಿಕ್ಕಿದಾಗ ಭಾಷಣವೊಂದು ಮುಗಿಯುತ್ತ ಬಂದಿತ್ತು. ಅಧ್ಯಕ್ಷತೆ ವಹಿಸಿದ್ದವರು ತೆರೆಜಾ ಎಂಬ ಉದ್ದನೆಯ, ತೆಳ್ಳನೆಯ ಹಿರಿಯ ಪ್ರಾಧ್ಯಾಪಕಿ, ಪೋರ್ಟೊ ಊರಿನವರು. ಭಾಷಣ ಮಾಡಿದ ತರುಣನಿಗೆ ಅವರು ಮೆಲ್ಲನೆ ಒಂದೇ ಒಂದು ಪ್ರಶ್ನೆ ಕೇಳಿದರು. ಅವನು ಬಾಯಿ ತೆರೆದ, ಮುಚ್ಚಿದ, ತನ್ನ ತೆರೆಯನ್ನೊಮ್ಮೆ ನೋಡಿದ, ಕುಳಿತುಬಿಟ್ಟ. ನನ್ನ ಭಾಷಣ ಮರುದಿನ, ಅವರದೇ ಅಧ್ಯಕ್ಷತೆಯಲ್ಲಿ.

ಅಡುಗೆಮನೆ

ಆ ಸಂಜೆ ದೋನಾ ಗ್ರಾಸಾ ಸೂಪಿಗೆಂದು ಬಟಾಟೆ ಸುಲಿಯುತ್ತಿದ್ದರು. ನಾನೂ ಒಂದು ಚೂರಿ ತೆಗೆದುಕೊಂಡು ಕುಳಿತೆ. ಅಷ್ಟು ದೂರದಿಂದ ಬಂದು ಏನು ಹೇಳುತ್ತೀ ಎಂದು ಅವರು ಕೈಸನ್ನೆಯಲ್ಲಿ ಕೇಳಿದರು. ಮೇಜಿನ ಮೇಲೆ ಬೇಕಾದದ್ದೆಲ್ಲ ಇತ್ತು. ಬಟಾಟೆಗಳನ್ನು ಊರು ಮಾಡಿದೆ, ಬೀನ್ಸನ್ನು ರಸ್ತೆ ಮಾಡಿದೆ. ದೊಡ್ಡದೊಂದು ಬಂಟ್ವಾಳ, ಇನ್ನೊಂದು ಬೆಳ್ತಂಗಡಿ, ಮತ್ತೊಂದು ಮೂಡುಬಿದಿರೆ. ಹೀಗೆ ನಮ್ಮ ತ್ರಿಕೋನ ತಯಾರಾಯಿತು. ಬಂಟ್ವಾಳ, ಬೆಳ್ತಂಗಡಿಗಳ ನಡುವೆ ಪುಂಜಾಲಕಟ್ಟೆಗೆಂದು ಗೋಲಿಯಷ್ಟರ ಪುಟ್ಟ ಬಟಾಟೆಯೊಂದನ್ನು ಇಟ್ಟೆ. ನನ್ನ ಪ್ರತಾಪ ತೋರಿಸಲು, ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಸಿದ್ಧಕಟ್ಟೆಯ ಬೀನ್ಸನ್ನು ಮುರಿದೆ. ನೋಡಿ, ಈಗ ಬಂಟ್ವಾಳದ ಬಸ್ಸು ಪುಂಜಾಲಕಟ್ಟೆ, ಬೆಳ್ತಂಗಡಿ, ವೇಣೂರು ಸುತ್ತಿ ಮೂಡುಬಿದಿರೆಗೆ ಹೋಗುತ್ತದೆ. ಅದನ್ನು ಸರಿ ಮಾಡಿ, ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಹೋಗುವ ವೇಣೂರಿನ ಬೀನ್ಸನ್ನು ಮುರಿದೆ. ಈಗ ಬೆಳ್ತಂಗಡಿಯ ಬಸ್ಸು ಪುಂಜಾಲಕಟ್ಟೆ, ಬಂಟ್ವಾಳ, ಸಿದ್ಧಕಟ್ಟೆ ಸುತ್ತಿ ಹೋಗುತ್ತದೆ. ಎರಡು ಬಸ್ಸುಗಳೂ ಪುಂಜಾಲಕಟ್ಟೆಯಲ್ಲಿಯೇ ಹಾದು ಹೋಗಬೇಕು. ಇದು ಸಣ್ಣ ಜಾಲ. ಸಣ್ಣದರಲ್ಲಿ ಹೀಗಾಗುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ನನ್ನ ಪ್ರಮೇಯ ಇರುವುದು ದೊಡ್ಡ, ದಟ್ಟ ಜಾಲಗಳ ಬಗ್ಗೆ.

ಅದನ್ನೂ ತೋರಿಸೋಣವೆಂದು ಬುಟ್ಟಿಯಲ್ಲಿದ್ದ ಬಟಾಟೆಗಳನ್ನೆಲ್ಲ ಸುರಿದೆ. ಬಂಟ್ವಾಳದ ಸುತ್ತ ಒಂದು ರಾಶಿ, ಬೆಳ್ತಂಗಡಿಯ ಸುತ್ತ ಒಂದು ರಾಶಿ, ಎಲ್ಲ ಕಡೆಗೂ ಬೀನ್ಸು. ದಟ್ಟ ಎಂದರೆ ಇದಕ್ಕಿಂತ ದಟ್ಟ ಇನ್ನೇನು? ಎರಡು ರಾಶಿಗಳ ಮಧ್ಯೆ ಗೋಲಿಯಷ್ಟರ ಪುಂಜಾಲಕಟ್ಟೆ ಹಾಗೆಯೇ ಕುಳಿತಿತ್ತು.

ನನ್ನ ಕೈಯ ಚೂರಿ ನಿಂತಿತು. ಆಚೆ ಈಚೆ ಎಷ್ಟೇ ದಟ್ಟವಾಗಿರಲಿ, ಮೂಡುಬಿದಿರೆಯ ರಸ್ತೆಗಳಲ್ಲಿ ಯಾವುದು ಮುರಿದರೂ ಈ ರಾಶಿಯಿಂದ ಆ ರಾಶಿಗೆ ಸುತ್ತಿ ಹೋಗುವ ದಾರಿಗಳೆಲ್ಲ ಆ ಪುಟ್ಟ ಬಟಾಟೆಯ ಮೇಲೆಯೇ ಹಾಯಬೇಕು. ನಾನು ಲೆಕ್ಕ ಹಾಕಿದ್ದು ಒಟ್ಟು ಜಾಲದ ದಟ್ಟಣೆಯನ್ನು. ನಡುವೆ ಎಲ್ಲೋ ಒಂದು ಕಡೆ ಅದು ಕೊಡೆಯ ಹಿಡಿಯಷ್ಟು ಸಪೂರ ಆಗಿರಬಹುದು ಎಂಬುದನ್ನು ನೋಡಿಯೇ ಇರಲಿಲ್ಲ. ಪ್ರಮೇಯವನ್ನು ಸಾಧಿಸುವಾಗ ಆ ಜಾಗದಲ್ಲಿ ನಾನು ‘ಇದು ಸ್ಪಷ್ಟ’ ಎಂದು ಬರೆದು ಮುಂದೆ ಹೋಗಿದ್ದೆ. ಬಹುಶಃ ಸಿದ್ಧಕಟ್ಟೆಯಲ್ಲಿ ಯಾರೋ ಇಳಿಯುವಾಗ ನನ್ನ ಕಾಲು ತುಳಿದ ದಿನ ಇರಬೇಕು.

ಅಷ್ಟರಲ್ಲಿ ದೋನಾ ಗ್ರಾಸಾ ನನ್ನ ತಾಲೂಕುಗಳನ್ನೆಲ್ಲ ಬಾಚಿ ನೀರಿಗೆ ಹಾಕಿದರು. ಪುಂಜಾಲಕಟ್ಟೆಯೂ ಹೋಯಿತು. ಸೂಪು ರುಚಿಯಾಗಿತ್ತು ಎಂದು ಆಮೇಲೆ ನೆನಪು ಮಾಡಿಕೊಂಡು ಹೇಳುತ್ತಿದ್ದೇನೆ. ತಿನ್ನುವಾಗ ಏನೂ ಗೊತ್ತಾಗಲಿಲ್ಲ.

ಹನೀಫರಿಗೆ ಫೋನು ಮಾಡಿದೆ. ಅಲ್ಲಿ ಅವರು ಮಲಗಲು ಹೊರಟಿದ್ದರು. ಪ್ರಮೇಯ ಸುಳ್ಳು ಎಂದೆ.

“ಸುಳ್ಳು ಅಂದ್ರೆ ಪೂರ್ತಿ ಸುಳ್ಳಾ? ಸ್ವಲ್ಪ ಅಡ್ಜಸ್ಟ್ ಮಾಡ್ಲಿಕ್ಕೆ ಆಗುದಿಲ್ವಾ?”

ಗಣಿತದಲ್ಲಿ ಹಾಗೆಲ್ಲ ಆಗುವುದಿಲ್ಲ ಎಂದೆ. ನಾಳೆ ಜ್ವರ ಎಂದು ಹೇಳಿ ಕೋಣೆಯಲ್ಲೇ ಇದ್ದುಬಿಡುತ್ತೇನೆ, ಅಥವಾ ಯಾರೂ ಗಮನಿಸದಂತೆ ಆ ಸಾಲನ್ನು ಬೇಗ ದಾಟಿಸಿಬಿಡುತ್ತೇನೆ, ಇಲ್ಲಿ ಅರ್ಧ ಜನ ಮೊಬೈಲು ನೋಡುತ್ತಿರುತ್ತಾರೆ ಎಂದೂ ಹೇಳಿದೆ. ತೆರೆಜಾ ಮಾತ್ರ ಮೊಬೈಲು ನೋಡುವುದಿಲ್ಲ ಎಂಬುದನ್ನು ಹೇಳಲಿಲ್ಲ.

“ನೀನು ಸುಳ್ಳು ಹೇಳಿದ್ರೆ ಮುಖದಲ್ಲೇ ಗೊತ್ತಾಗ್ತದೆ ಮಾರಾಯ್ತಿ” ಎಂದರು ಹನೀಫ್. “ಇದ್ದದ್ದನ್ನು ಹೇಳಿ ಬಾ. ಫ್ಲೆಕ್ಸಿನ ವಿಷಯ ನಾನು ನೋಡ್ಕೊಳ್ತೇನೆ.”

ಅವರು ಗೇಟಿನ ಮೇಲೆ ಹತ್ತಿ ಫ್ಲೆಕ್ಸು ಬಿಚ್ಚುವುದನ್ನು ಕಲ್ಪಿಸಿಕೊಂಡು, ಎಷ್ಟು ತಡೆದರೂ ನಗು ಬಂತು. ನಕ್ಕ ಮೇಲೆ ಸ್ವಲ್ಪ ಅಳುವೂ ಬಂತು. ಬಸ್ಸಿನಲ್ಲಿ ಸಿಕ್ಕಿದ ಸೀಟುಗಳೆಲ್ಲ ನೆನಪಾದವು.

ಭಾಷಣ

ಬೆಳಿಗ್ಗೆ ವೇದಿಕೆ ಹತ್ತಿದಾಗ ಹಿಂದೆ ತೆರೆಯ ಮೇಲೆ ನನ್ನ ಪ್ರಮೇಯ ಗಂಭೀರವಾಗಿ ಬೆಳಗುತ್ತಿತ್ತು. ಅದನ್ನು ತೋರಿಸಿ, ಇದು ತಪ್ಪು ಎಂದೆ. ಮೈಕು ಸರಿಯಿರಲಿಲ್ಲವೋ ಏನೋ, ಹಿಂದಿನವರು ಇನ್ನೊಮ್ಮೆ ಹೇಳಿ ಎಂದರು. ಒಂದು ಸಲ ಹೇಳುವುದೇ ಕಷ್ಟವಾಗಿತ್ತು. ಎರಡನೆಯ ಸಲ ಕೂಗಿ ಹೇಳಬೇಕಾಯಿತು. ಮೊಬೈಲು ನೋಡುತ್ತಿದ್ದವರೆಲ್ಲ ತಲೆ ಎತ್ತಿದರು. ಕರಿಹಲಗೆಯ ಮೇಲೆ ಎರಡು ದೊಡ್ಡ ರಾಶಿ ಚುಕ್ಕಿಗಳನ್ನೂ ನಡುವೆ ಒಂದು ಸಣ್ಣ ಚುಕ್ಕಿಯನ್ನೂ ಬರೆದೆ. ಆ ಸಣ್ಣ ಚುಕ್ಕಿಗೊಂದು ಹೆಸರು ಬೇಕಿತ್ತು. ಗಾಬರಿಯಲ್ಲಿ ಬೇರೆ ಯಾವುದೂ ಹೊಳೆಯದೆ ಪುಂಜಾಲಕಟ್ಟೆ ಎಂದೇ ಬರೆದೆ. ಪುಂಜಾಲಕಟ್ಟೆ ಇದ್ದಲ್ಲಿ ನನ್ನ ಪ್ರಮೇಯ ಬೀಳುತ್ತದೆ ಎಂದು ಮುಗಿಸಿದೆ. ಕೊಟ್ಟ ಸಮಯದಲ್ಲಿ ಬಹಳಷ್ಟು ಉಳಿದಿತ್ತು.

ತೆರೆಜಾ ಕನ್ನಡಕ ತೆಗೆದರು. ನಿನ್ನೆ ಆ ತರುಣನಿಗೆ ಪ್ರಶ್ನೆ ಕೇಳುವ ಮೊದಲೂ ಅವರು ಹೀಗೆಯೇ ಕನ್ನಡಕ ತೆಗೆದಿದ್ದರು.

“ಇದು ನಿಮಗೆ ಯಾವಾಗ ಗೊತ್ತಾಯಿತು?”

“ನಿನ್ನೆ ಸಂಜೆ. ಬಟಾಟೆ ಸುಲಿಯುವಾಗ.”

ಸಭೆ ನಕ್ಕಿತು. ತೆರೆಜಾ ನಗಲಿಲ್ಲ. ಕರಿಹಲಗೆಯನ್ನೇ ನೋಡುತ್ತಿದ್ದರು.

“ಆ ಸಣ್ಣ ಊರು ಇಲ್ಲದ ಜಾಲಗಳಲ್ಲಿ?”

“ಅಲ್ಲಿ ಪ್ರಮೇಯ ನಿಲ್ಲುತ್ತದೆ ಎಂದು ಕಾಣುತ್ತದೆ. ಆದರೆ ದೊಡ್ಡದೊಂದು ಜಾಲವನ್ನು ಕೊಟ್ಟರೆ ಅದರಲ್ಲಿ ಪುಂಜಾಲಕಟ್ಟೆಗಳು ಎಲ್ಲೆಲ್ಲಿ ಅಡಗಿವೆ ಎಂದು ಬೇಗ ಕಂಡುಹಿಡಿಯುವುದು ಹೇಗೆಂದು ನನಗೆ ಗೊತ್ತಿಲ್ಲ.”

“ನನಗೂ ಗೊತ್ತಿಲ್ಲ” ಎಂದರು ತೆರೆಜಾ. “ಮಧ್ಯಾಹ್ನ ನನ್ನ ಜತೆ ಊಟಕ್ಕೆ ಬನ್ನಿ.”

ಅದು ಶಿಕ್ಷೆಯೋ ಆಹ್ವಾನವೋ ತಿಳಿಯದೆ ನಾನು ಕೆಳಗಿಳಿದೆ. ಮೈಕಿನ ತಂತಿ ಕಾಲಿಗೆ ಸಿಕ್ಕಿ ಮುಗ್ಗರಿಸಿದೆ ಕೂಡ. ನಿನ್ನೆ ಕುಳಿತುಬಿಟ್ಟಿದ್ದ ತರುಣ ಎದ್ದು ಕೈ ಹಿಡಿದ.

ಒಣಮೀನು

ನಮ್ಮಲ್ಲಿ ಒಣಮೀನು ಮಳೆಗಾಲದ ಆಪತ್ತಿಗೆ. ಕಡಲಿಗೆ ದೋಣಿ ಇಳಿಯದ ದಿನಗಳಲ್ಲಿ ಗಂಜಿಗೆ ನಂಜಿಕೊಳ್ಳಲು ಸುಡುತ್ತೇವೆ. ನೆಂಟರು ಬಂದರೆ ವಾಸನೆ ಹೋಗಲೆಂದು ಜನೇಲು ತೆರೆದಿಡುತ್ತೇವೆ. ಆ ದೇಶದಲ್ಲಿ ಅದು ಹಬ್ಬದ ಅಡುಗೆ. ತೆರೆಜಾ ನನ್ನನ್ನು ಒಳ್ಳೆಯ ಹೋಟೆಲಿಗೆ ಕರೆದೊಯ್ದು, ಬಿಳಿ ಮೇಜುವಸ್ತ್ರದ ಮೇಲೆ ಬೆಳ್ಳಿಯ ಚಮಚ ಇಟ್ಟು ಒಣಮೀನು ತಿನ್ನಿಸಿದರು. ಆಲಿವ್ ಎಣ್ಣೆ, ಬೆಳ್ಳುಳ್ಳಿ, ಮತ್ತೆ ಬಟಾಟೆ. ನಾನು ಹಂದಿಮಾಂಸ, ವೈನು ಬೇಡವೆಂದದ್ದನ್ನು ಅವರು ಹೋಟೆಲಿನ ಮೂರು ಮಂದಿಗೆ ಮೂರು ಸಲ ಹೇಳಿ ಖಚಿತ ಮಾಡಿಕೊಂಡರು.

ಊಟ ಅಲ್ಲಿ ಮಧ್ಯಾಹ್ನವಿಡೀ ನಡೆಯುತ್ತದೆ. ನಮ್ಮ ಸ್ಟಾಫ್ ರೂಮಿನಲ್ಲಿ ಬುತ್ತಿ ತೆರೆಯುವಾಗಲೇ ಮುಂದಿನ ಗಂಟೆ ಹೊಡೆಯುತ್ತದೆ, ಹಾಗಾಗಿ ನಾನು ಅಭ್ಯಾಸಬಲದಿಂದ ಗಬಗಬನೆ ಮುಗಿಸಿ ಕೈ ಒರೆಸಿಕೊಂಡು ಕುಳಿತೆ. ತೆರೆಜಾ ಒಂದೊಂದೇ ಮುಳ್ಳು ಬಿಡಿಸುತ್ತ ಮಾತಾಡಿದರು. ತಾವೂ ಇದೇ ಪ್ರಮೇಯವನ್ನು ಹಿಂದೆ ಸಾಧಿಸಲು ನೋಡಿ, ಆಗದೆ, ತಾವು ದಡ್ಡಿ ಎಂದುಕೊಂಡು ಬಿಟ್ಟಿದ್ದರಂತೆ. ಅದು ಆಗದಿದ್ದುದಕ್ಕೆ ಕಾರಣ ಇವತ್ತು ಗೊತ್ತಾಯಿತು ಎಂದರು. ಈಗ ಸರಿಯಾದ ಪ್ರಶ್ನೆ ಸಿಕ್ಕಿದೆ, ಇಬ್ಬರೂ ಸೇರಿ ನೋಡುವ, ಆದರೆ ತಮ್ಮ ವಯಸ್ಸಿನಲ್ಲಿ ಅರ್ಧಕ್ಕೆ ಬಿಟ್ಟು ಹೋಗುವವರ ಜತೆ ಶುರು ಮಾಡಲು ಇಷ್ಟವಿಲ್ಲ ಎಂದರು.

“ನಿಮಗೆ ಸಮಯ ಉಂಟೇ?” ಎಂಬುದು ಅವರ ಪ್ರಶ್ನೆ.

ನನಗೆ ಕುರ್ಚಿ ನೆನಪಾಯಿತು. ಅದರ ಹಿಂದೆ ಗೋಡೆಯ ಮೇಲೆ ನೇತುಬಿಡುವ ವೇಳಾಪಟ್ಟಿ, ಮುಂದೆ ಸಾಲು ನಿಲ್ಲುವ ಪೋಷಕರು. ನಾಳೆ ಹೇಳುತ್ತೇನೆ ಎನ್ನಲು ಬಾಯಿ ತೆರೆದೆ. ಉಂಟು ಎಂಬ ಮಾತು ಬಂತು.

ಸಂಜೆಯಾಗುವ ಮೊದಲೇ ಪ್ರಾಂಶುಪಾಲರಿಗೆ ಫೋನು ಮಾಡಿದೆ. ಪ್ರಮೇಯ ತಪ್ಪಾಗಿತ್ತು ಎಂದು ಹೇಳಿದೆ, ಕುರ್ಚಿ ಬೇಡವೆಂದೂ ಹೇಳಿದೆ. ಅವರಿಗೆ ಎರಡಕ್ಕೂ ಇರುವ ಸಂಬಂಧ ಅರ್ಥವಾಗಲಿಲ್ಲ.

“ತಪ್ಪಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ ಮೇಡಂ. ಇಲ್ಲಿ ಅದನ್ನು ಯಾರೂ ಕೇಳುದಿಲ್ಲ” ಎಂದು ಸಮಾಧಾನ ಮಾಡಿದರು.

“ಬೇಸರಕ್ಕಲ್ಲ ಸರ್. ಕೆಲಸ ಈಗ ಶುರುವಾದದ್ದು. ನಾನು ತರಗತಿ ಮಾಡ್ತೇನೆ, ಬಸ್ಸಿನಲ್ಲಿ ಬರ್ತೇನೆ, ಅಷ್ಟೇ ಸಾಕು.”

ಅವರು ದೀರ್ಘವಾಗಿ ಉಸಿರು ಬಿಟ್ಟದ್ದು ಕೊಯಿಂಬ್ರಾದವರೆಗೂ ಕೇಳಿಸಿತು. ನನಗಿಂತ ಕಿರಿಯರೊಬ್ಬರು ಆ ಕುರ್ಚಿಗಾಗಿ ಬಹಳ ಕಾಲದಿಂದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದಾರೆ ಎಂದು ನೆನಪಿಸಿದೆ. ಅವರಿಗೆ ಹೇಳಿ ನೋಡುತ್ತೇನೆ ಎಂದರು. ಫೋನು ಇಟ್ಟ ಮೇಲೆ, ಕುರ್ಚಿಯ ಜತೆ ಒಂದು ಎ.ಸಿ. ಕೋಣೆಯೂ ಇತ್ತಲ್ಲ ಎಂದು ನನಗೆ ಹೊಳೆಯಿತು. ಮತ್ತೆ ಫೋನು ಮಾಡಲಿಲ್ಲ.

ನಿಲ್ದಾಣ

ಹೊರಡುವ ದಿನ ದೋನಾ ಗ್ರಾಸಾ ಎರಡು ಕೆನ್ನೆಗೂ ಮುತ್ತು ಕೊಟ್ಟು ಬೀಳ್ಕೊಟ್ಟರು. ನಾನು ಒಂದು ಕೆನ್ನೆಗೆ ಸಾಕೆಂದುಕೊಂಡು ಮುಖ ತಿರುಗಿಸಿದ್ದರಿಂದ ಇನ್ನೊಂದು ಮುತ್ತು ಮೂಗಿನ ಮೇಲೆ ಬಿತ್ತು.

ತೆರೆಜಾ ಪೋರ್ಟೊಗೆ ಹೋಗುವವರು, ನಾನು ಲಿಸ್ಬನ್ನಿಗೆ. ಎರಡು ರೈಲೂ ಅದೇ ಊರ ಹೊರಗಿನ ನಿಲ್ದಾಣದಿಂದ, ಎದುರುಬದುರು ಪ್ಲಾಟ್‌ಫಾರ್ಮಿನಿಂದ ಹೊರಡುತ್ತವೆ. ನನ್ನ ವಿಮಾನ ಮರುದಿನ, ಹಾಗಾಗಿ ಅವಸರವಿರಲಿಲ್ಲ. ರೈಲು ಬರುವವರೆಗೆ ಎಂದು ಬೆಂಚಿನಲ್ಲಿ ಕುಳಿತೆವು. ಪುಂಜಾಲಕಟ್ಟೆಯಂಥ ಇಕ್ಕಟ್ಟಿನ ಊರು ಹುಡುಕಲು ತೆರೆಜಾ ಒಂದು ಉಪಾಯ ಹೇಳಿದರು. ಜಾಲದ ಒಂದು ತುದಿಯಿಂದ ನೀರು ಬಿಟ್ಟ ಹಾಗೆ ಕಲ್ಪಿಸುವುದು, ಎಲ್ಲಿ ಕಟ್ಟಿಕೊಳ್ಳುತ್ತದೆಂದು ನೋಡುವುದು. ಚೆನ್ನಾಗಿದೆ ಎಂದೆ. ಆಮೇಲೆ, ಎರಡು ಇಕ್ಕಟ್ಟುಗಳು ಒಂದರ ಹಿಂದೆ ಒಂದು ಇದ್ದರೆ ಮೊದಲನೆಯದರಲ್ಲಿಯೇ ನೀರು ನಿಂತು ಎರಡನೆಯದು ಕಾಣುವುದೇ ಇಲ್ಲವಲ್ಲ ಎಂದೆ. ಅವರು ಕನ್ನಡಕ ತೆಗೆದರು. ಇಲ್ಲ, ಕಾಣುತ್ತದೆ ಎಂದರು. ಹೇಗೆ ಎಂದೆ. ಅವರು ಶುರು ಮಾಡಿದರು, ನಡುವೆ ನಿಂತರು, ನಾನು ಮುಂದುವರಿಸಿದೆ, ನಾನೂ ನಿಂತೆ. ಧ್ವನಿವರ್ಧಕದಲ್ಲಿ ಯಾರೋ ಏನೋ ಹೇಳುತ್ತಿದ್ದರು. ನನಗಂತೂ ಭಾಷೆ ಬಾರದು. ಭಾಷೆ ಬರುವ ತೆರೆಜಾ ಕಣ್ಣು ಮುಚ್ಚಿ ಯೋಚಿಸುತ್ತ ಕುಳಿತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ನಿಲ್ದಾಣದ ನೌಕರನೊಬ್ಬ ಬಂದು ಎದುರು ನಿಂತ. ತೆರೆಜಾರಿಗೆ ಏನೋ ಹೇಳಿದ, ನನ್ನ ಸೂಟ್‌ಕೇಸನ್ನು ತೋರಿಸಿದ, ದಕ್ಷಿಣಕ್ಕೆ ಕೈ ಮಾಡಿದ, ಉತ್ತರಕ್ಕೂ ಕೈ ಮಾಡಿದ. ಪ್ಲಾಟ್‌ಫಾರ್ಮು ಎರಡೂ ಕಡೆ ಖಾಲಿಯಾಗಿತ್ತು. ನನ್ನ ರೈಲೂ ಹೋಗಿತ್ತು, ಅವರದೂ ಹೋಗಿತ್ತು.

ತೆರೆಜಾ ಅವನಿಗೆ ವಿನಯದಿಂದ ಉಪಕಾರ ಹೇಳಿ ನನ್ನ ಕಡೆ ತಿರುಗಿದರು.

“ಮೊದಲನೆಯ ಇಕ್ಕಟ್ಟನ್ನು ತೆಗೆದುಹಾಕಿ, ಮತ್ತೆ ನೀರು ಬಿಟ್ಟರೆ?”

ನಾನು ಬೆಂಚಿನಲ್ಲಿ ಸರಿದು ಕುಳಿತು, ಹೌದಲ್ಲ, ಬಿಟ್ಟು ನೋಡುವ ಎಂದೆ.